ಟ್ರಾಮಿಗೂ ಬಸ್ಸಿಗೂ ಒಂದೇ ನಿಲುಗಡೆ: ಎಲ್ಲಿ ಸಾಧ್ಯ, ಎಲ್ಲಿ ಬೇಡ?

ಪ್ರಶ್ನೆ: ನಾನು ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದಲ್ಲಿ ಕೆಲಸದಲ್ಲಿದ್ದೇನೆ. ಇಲ್ಲಿ ಹಲವು ಕಡೆ ಟ್ರಾಮ್ ಮತ್ತು ಬಸ್ ಒಂದೇ ಪ್ಲಾಟ್‌ಫಾರ್ಮಿಗೆ ಬಂದು ನಿಲ್ಲುತ್ತವೆ. ಇನ್ನು ಕೆಲವು ಕಡೆ ಬಸ್ ಹಿಡಿಯಲು ರಸ್ತೆ ದಾಟಿ ಬೇರೊಂದು ಕಂಬದ ಬಳಿಗೆ ಹೋಗಬೇಕು. ಊರಿನಿಂದ ಬಂದಿರುವ ನನ್ನ ತಾಯಿಗೆ ಮೊಣಕಾಲು ನೋವಿದೆ. ಒಂದೇ ನಿಲುಗಡೆಯಲ್ಲಿ ಅವರು ಟ್ರಾಮನ್ನು ಸುಲಭವಾಗಿ ಹತ್ತುತ್ತಾರೆ, ಬಸ್ ಹತ್ತುವಾಗ ಕಷ್ಟಪಡುತ್ತಾರೆ. ಎರಡಕ್ಕೂ ಎಲ್ಲ ಕಡೆ ಒಂದೇ ನಿಲುಗಡೆಯನ್ನು ಏಕೆ ಮಾಡುವುದಿಲ್ಲ? ಫಲಕ ಬದಲಿಸಿದರೆ ಸಾಲದೇ? ನಮ್ಮ ದೇಶದಲ್ಲಿ ಇಂಥ ವ್ಯವಸ್ಥೆಗೆ ಅವಕಾಶವಿದೆಯೇ?

ಉತ್ತರ: ಫಲಕ ಬದಲಿಸಿದರೆ ಸಾಲದು. ಎರಡೂ ವಾಹನಗಳು ಒಂದೇ ಅಂಚಿಗೆ ಬಂದು ನಿಲ್ಲಬೇಕಾದರೆ ಪ್ಲಾಟ್‌ಫಾರ್ಮಿನ ಎತ್ತರ, ಹಳಿಯಿಂದ ಅದಕ್ಕಿರುವ ದೂರ, ಬಾಗಿಲುಗಳಿರುವ ಬದಿ, ಹಳಿಗಳ ನಡುವಿನ ನೆಲ, ಗಂಟೆಗೆ ಬರುವ ವಾಹನಗಳ ಸಂಖ್ಯೆ, ಟಿಕೆಟ್ ಕೊಡುವ ರೀತಿ ಇವೆಲ್ಲವೂ ಒಟ್ಟಿಗೆ ಹೊಂದಿಬರಬೇಕು. ಆದರೂ ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದೇ ದಿಕ್ಕಿಗೆ ಹೊರಟ ಪ್ರಯಾಣಿಕರು ಒಂದೇ ಜಾಗದಲ್ಲಿ ನಿಂತು, ಮೊದಲು ಬಂದ ವಾಹನವನ್ನು ಹತ್ತುವಂತಿರಬೇಕು. ಯೋಜಕರು ಇದನ್ನೇ ಮೂಲ ನಿಯಮವಾಗಿ ಹಿಡಿದು, ಸಾಧ್ಯವೇ ಇಲ್ಲದ ಕಡೆ ಮಾತ್ರ ನಿಲುಗಡೆಗಳನ್ನು ಬೇರ್ಪಡಿಸಬೇಕು. ಬಹಳಷ್ಟು ನಗರಗಳಲ್ಲಿ ಇದಕ್ಕೆ ತದ್ವಿರುದ್ಧವಾದ ಕ್ರಮವಿದೆ. ಅಲ್ಲಿ ಟ್ರಾಮ್ ವಿಭಾಗ ತನ್ನ ನಿಲುಗಡೆಯನ್ನು ಕಟ್ಟಿಕೊಳ್ಳುತ್ತದೆ, ಬಸ್ ವಿಭಾಗ ತನ್ನದನ್ನು ನಿಲ್ಲಿಸಿಕೊಳ್ಳುತ್ತದೆ, ಎರಡರ ನಡುವಿನ ರಸ್ತೆಯನ್ನು ದಾಟುವ ಕೆಲಸ ಪ್ರಯಾಣಿಕರ ಪಾಲಿಗೆ ಉಳಿಯುತ್ತದೆ.

ಇದರಿಂದ ಆಗುವ ನಷ್ಟ ಎಷ್ಟೆಂದು ಲೆಕ್ಕ ಹಾಕಬಹುದು. ಒಂದು ರಸ್ತೆಯಲ್ಲಿ ಹತ್ತು ನಿಮಿಷಕ್ಕೊಂದು ಟ್ರಾಮ್ ಮತ್ತು ಹತ್ತು ನಿಮಿಷಕ್ಕೊಂದು ಬಸ್ ಒಂದೇ ದಿಕ್ಕಿಗೆ ಹೋಗುತ್ತವೆ ಎಂದುಕೊಳ್ಳಿ. ನಿಲುಗಡೆಗಳು ಬೇರೆಯಾಗಿದ್ದರೆ ನೀವು ಯಾವುದೋ ಒಂದನ್ನು ಆರಿಸಿಕೊಂಡು ನಿಲ್ಲುತ್ತೀರಿ, ಸರಾಸರಿ ಐದು ನಿಮಿಷ ಕಾಯುತ್ತೀರಿ. ಒಂದೇ ನಿಲುಗಡೆಯಾಗಿದ್ದು, ವೇಳಾಪಟ್ಟಿಯಲ್ಲಿ ಎರಡರ ನಡುವೆ ಐದೈದು ನಿಮಿಷದ ಅಂತರವನ್ನು ಸರಿಯಾಗಿ ಕಾಯ್ದುಕೊಂಡರೆ ಸರಾಸರಿ ಕಾಯುವಿಕೆ ಎರಡೂವರೆ ನಿಮಿಷಕ್ಕೆ ಇಳಿಯುತ್ತದೆ. ಅಂತರ ಕಾಯ್ದುಕೊಳ್ಳದೆ ಒಂದರ ವೇಳೆಗೂ ಇನ್ನೊಂದರ ವೇಳೆಗೂ ಸಂಬಂಧವೇ ಇಲ್ಲದಿದ್ದರೂ ಅದು 3 ನಿಮಿಷ 20 ಸೆಕೆಂಡಿನ ಆಸುಪಾಸಿಗೆ ಬರುತ್ತದೆ. ಒಂದೇ ಒಂದು ಹೊಸ ವಾಹನವನ್ನು ಕೊಳ್ಳದೆ, ಒಬ್ಬ ಚಾಲಕರನ್ನೂ ಹೆಚ್ಚುವರಿಯಾಗಿ ನೇಮಿಸದೆ ದೊರೆಯುವ ಲಾಭವಿದು. ಆದರೆ ಬಸ್ಸು ಟ್ರಾಮಿನ ಬೆನ್ನಿಗೇ ಬರುವಂತೆ ವೇಳಾಪಟ್ಟಿ ಇದ್ದರೆ ಈ ಲಾಭವೆಲ್ಲ ಕರಗಿಹೋಗಿ ಕಾಯುವ ಹೊತ್ತು ಮತ್ತೆ ಐದು ನಿಮಿಷದ ಹತ್ತಿರಕ್ಕೇ ಬರುತ್ತದೆ. ನಿಲುಗಡೆಯನ್ನು ಒಂದುಗೂಡಿಸಿ ವೇಳಾಪಟ್ಟಿಯನ್ನು ಹಾಗೆಯೇ ಬಿಟ್ಟ ನಗರಗಳು ಅರ್ಧ ಕೆಲಸವನ್ನಷ್ಟೇ ಮಾಡಿವೆ ಎಂದು ನಾನು ಹೇಳುವುದು ಇದಕ್ಕಾಗಿ.

ಇನ್ನೊಂದು ಪೂರ್ವಷರತ್ತು ಟಿಕೆಟ್ಟಿನದು. ಟ್ರಾಮಿನ ಟಿಕೆಟ್ ಬಸ್ಸಿನಲ್ಲಿ ನಡೆಯದಿದ್ದರೆ, ಒಂದೇ ಜಾಗದಲ್ಲಿ ನಿಂತರೂ ಪ್ರಯಾಣಿಕರು ಮೊದಲು ಬಂದದ್ದನ್ನು ಹತ್ತಲಾರರು. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 1965ರಲ್ಲೇ ನಗರದ ಬೇರೆ ಬೇರೆ ಸಾರಿಗೆ ಸಂಸ್ಥೆಗಳು ಒಂದು ಒಕ್ಕೂಟವಾಗಿ ಸೇರಿ ಒಂದೇ ಟಿಕೆಟ್ ಪದ್ಧತಿಯನ್ನು ಜಾರಿಗೆ ತಂದವು. ಆ ಬಗೆಯ ಒಕ್ಕೂಟಗಳಲ್ಲಿ ಜಗತ್ತಿಗೇ ಅದು ಮೊದಲನೆಯದು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಪ್ರಾಂತ್ಯದ ಒಕ್ಕೂಟ 1990ರಲ್ಲಿ ಕಾರ್ಯಾರಂಭ ಮಾಡಿತು. ಬ್ರಿಟನ್ ಬೇರೆ ದಾರಿ ಹಿಡಿಯಿತು. ಅಲ್ಲಿ ಲಂಡನ್ನಿನ ಹೊರಗಿನ ಬಸ್ ಸೇವೆಗಳು 1986ರಲ್ಲಿ ಮುಕ್ತ ಸ್ಪರ್ಧೆಗೆ ತೆರೆದುಕೊಂಡ ಮೇಲೆ ಒಂದೇ ರಸ್ತೆಯಲ್ಲಿ ಪೈಪೋಟಿ ನಡೆಸುವ ಕಂಪನಿಗಳ ಟಿಕೆಟ್‌ಗಳನ್ನು ಹೊಂದಿಸುವುದೇ ದೊಡ್ಡ ಸಮಸ್ಯೆಯಾಯಿತು. ನೀವಿರುವ ಗೋಥೆನ್‌ಬರ್ಗ್‌ನಲ್ಲಿ ಟ್ರಾಮ್ ಓಡಿಸುವುದು ನಗರದ ಒಡೆತನದ ಸಂಸ್ಥೆ, ಬಸ್ ಓಡಿಸುವುದು ಗುತ್ತಿಗೆ ಪಡೆದ ಕಂಪನಿಗಳು. ಆದರೆ ಟಿಕೆಟ್, ವೇಳಾಪಟ್ಟಿ, ಫಲಕಗಳೆಲ್ಲ ವೆಸ್ಟ್‌ಟ್ರಾಫಿಕ್ ಎಂಬ ಪ್ರಾದೇಶಿಕ ಸಂಸ್ಥೆಯವು. ಹಾಗಾಗಿ ಯಾವ ವಾಹನ ಯಾರದು ಎಂದು ಪ್ರಯಾಣಿಕರು ಯೋಚಿಸಬೇಕಾಗಿಯೇ ಬರುವುದಿಲ್ಲ.

ಇನ್ನು ನಿಮ್ಮ ತಾಯಿಯವರ ಕಷ್ಟಕ್ಕೆ ಬರೋಣ. ಇಡೀ ವಿಷಯದ ಜೀವಾಳ ಇರುವುದು ಪ್ಲಾಟ್‌ಫಾರ್ಮಿನ ಅಂಚಿನಲ್ಲಿ, ಕೆಲವೇ ಸೆಂಟಿಮೀಟರುಗಳ ಲೆಕ್ಕದಲ್ಲಿ. ಟ್ರಾಮು ಹಳಿಯ ಮೇಲೆ ಓಡುವುದರಿಂದ ಪ್ರತಿ ಸಲವೂ ಅಂಚಿನಿಂದ ಅಷ್ಟೇ ದೂರದಲ್ಲಿ ನಿಲ್ಲುತ್ತದೆ. ಚಾಲಕರು ಹೊಸಬರಾಗಲಿ, ದಣಿದಿರಲಿ, ಮಳೆ ಸುರಿಯುತ್ತಿರಲಿ, ಆ ದೂರ ಬದಲಾಗುವುದಿಲ್ಲ. ಗೋಥೆನ್‌ಬರ್ಗ್‌ನ ಟ್ರಾಮಿನ ಅಗಲ 2.65 ಮೀಟರ್, ಅಂದರೆ ಹಳಿಗಳ ನಟ್ಟನಡುವಿನಿಂದ ಅದರ ಒಂದು ಪಕ್ಕಕ್ಕೆ 132.5 ಸೆಂ.ಮೀ. ಸುರಕ್ಷತೆಗೆಂದು ಐದು ಸೆಂ.ಮೀ. ಬಿಟ್ಟರೆ ಪ್ಲಾಟ್‌ಫಾರ್ಮಿನ ಅಂಚು 137.5 ಸೆಂ.ಮೀ. ದೂರದಲ್ಲಿರುತ್ತದೆ. ಯುರೋಪಿನ ನಗರ ಬಸ್ಸಿನ ಅಗಲ, ಕನ್ನಡಿಗಳನ್ನು ಬಿಟ್ಟು, 2.55 ಮೀಟರ್. ಅದರ ಅರ್ಧ 127.5 ಸೆಂ.ಮೀ. ಬಸ್ಸು ಹಳಿಗಳ ಸರಿಯಾದ ನಡುವೆ ಬಂದು ನಿಂತರೆ ಅಂಚಿಗೂ ಅದಕ್ಕೂ ಹತ್ತು ಸೆಂ.ಮೀ. ಅಂತರ ಉಳಿಯುತ್ತದೆ, ಇದು ಯಾರಿಗೂ ತೊಂದರೆ ಕೊಡುವ ಅಂತರವಲ್ಲ. ಆದರೆ ಬಸ್ಸಿಗೆ ಹಳಿಯ ಹಿಡಿತವಿಲ್ಲ. ಅಂಚುಕಲ್ಲಿಗೆ ಟೈರು ಉಜ್ಜೀತೆಂಬ ಅಂಜಿಕೆಯಿಂದ ಚಾಲಕರು ಒಂದು ಗೇಣು ಆಚೆಗೇ ನಿಲ್ಲಿಸಿದರೆ, ಆ ಹತ್ತು ಸೆಂ.ಮೀ. ಮೂವತ್ತಾಗುತ್ತದೆ. ಮೊಣಕಾಲು ನೋವಿರುವವರಿಗೆ ಅಷ್ಟು ಅಗಲದ ಕಂದಕವನ್ನು ದಾಟಿ ಕಾಲಿಡುವುದು ಎತ್ತರದ ಮೆಟ್ಟಿಲು ಹತ್ತುವುದಕ್ಕಿಂತ ಕಷ್ಟ, ಏಕೆಂದರೆ ಒಂದು ಕ್ಷಣ ಇಡೀ ಮೈಭಾರ ಒಂದೇ ಕಾಲಿನ ಮೇಲೆ ಬೀಳುತ್ತದೆ.

ಟ್ರಾಮು ಕಿರಿದಾಗಿದ್ದರೆ ಲೆಕ್ಕ ತಿರುಗುತ್ತದೆ. ಜರ್ಮನಿಯ ಡ್ರೆಸ್ಡೆನ್‌ನ ಟ್ರಾಮುಗಳು ಬಹುಕಾಲ 2.30 ಮೀಟರ್ ಅಗಲದವಾಗಿದ್ದವು. ಅದೇ ಐದು ಸೆಂ.ಮೀ. ಬಿಟ್ಟು ಲೆಕ್ಕ ಹಾಕಿದರೆ ಅಂಚು 120 ಸೆಂ.ಮೀ. ದೂರದಲ್ಲಿರಬೇಕು, ಬಸ್ಸಿನ ಅರ್ಧವೋ 127.5. ಅಂದರೆ ಬಸ್ಸು ಹಳಿಗಳ ನಡುವೆ ನೇರವಾಗಿ ಬಂದರೆ ಪ್ಲಾಟ್‌ಫಾರ್ಮಿಗೇ ತಾಗುತ್ತದೆ, ಚಾಲಕರು ತುಸು ಆಚೆಗೆ ಸರಿದೇ ಬರಬೇಕು. ಆ ನಗರದಲ್ಲಿ ಜಂಟಿ ನಿಲುಗಡೆಗಳು ಹೇರಳವಾಗಿರುವುದರಿಂದ ಬಸ್ಸಿಗೂ ಟ್ರಾಮಿಗೂ ಒಟ್ಟಿಗೆ ಒಪ್ಪುವಂಥ ಅಂಚುಕಲ್ಲನ್ನೇ ರೂಪಿಸಿದ್ದಾರೆ, ಅದಕ್ಕೆ ನಗರದ ಹೆಸರೇ ಇದೆ. ಇತ್ತೀಚೆಗೆ ಅಲ್ಲಿಗೂ 2.65 ಮೀಟರ್ ಅಗಲದ ಟ್ರಾಮುಗಳು ಬಂದಿವೆ, ಅವು ಓಡುವ ದಾರಿಗಳಲ್ಲಿ ಹೋಗುವ ಮತ್ತು ಬರುವ ಹಳಿದಾರಿಗಳ ನಡುವಿನ ಅಂತರವನ್ನೂ ನಿಲುಗಡೆಗಳ ಅಂಚುಗಳನ್ನೂ ಹೊಸ ಅಳತೆಗೆ ತರಬೇಕಾಗಿದೆ.

ಬಸ್ಸನ್ನು ಅಂಚಿಗೆ ಹತ್ತಿರ ತರುವ ಕೆಲಸದಲ್ಲಿ ನನ್ನ ದೃಷ್ಟಿಯಲ್ಲಿ ಅತ್ಯಂತ ಉಪಯುಕ್ತವಾದ ಆವಿಷ್ಕಾರ ಯಾವ ಯಂತ್ರವೂ ಅಲ್ಲ, ಒಂದು ಕಲ್ಲು. 1990ರ ದಶಕದಲ್ಲಿ, ಟ್ರಾಮ್ ಮತ್ತು ಬಸ್ ಎರಡೂ ಇರುವ ಜರ್ಮನಿಯ ಕಾಸೆಲ್ ನಗರದಲ್ಲಿ ಲೋ-ಫ್ಲೋರ್, ಅಂದರೆ ತಗ್ಗಿನ ನೆಲದ ಬಸ್ಸುಗಳಿಗೆಂದು ರೂಪುಗೊಂಡ ಅಂಚುಕಲ್ಲಿನ ಮುಖ ನೆಟ್ಟಗಿರದೆ ಒಳಕ್ಕೆ ಬಾಗಿರುತ್ತದೆ. ಟೈರು ಆ ಬಾಗಿನ ಮೇಲೆ ಸ್ವಲ್ಪ ಏರಿದೊಡನೆ ಬಸ್ಸಿನ ತೂಕವೇ ಅದನ್ನು ಮೆಲ್ಲಗೆ ಹಿಂದಕ್ಕೆ ಜಾರಿಸಿ ದಾರಿಗೆ ತರುತ್ತದೆ. ಟೈರಿನ ಪಕ್ಕ ಹರಿಯುವ ಭಯವಿಲ್ಲದ್ದರಿಂದ ಚಾಲಕರು ಧೈರ್ಯವಾಗಿ ಕಲ್ಲನ್ನು ಸವರಿಕೊಂಡೇ ಬಂದು ನಿಲ್ಲಿಸಬಹುದು. ಇದರ ಬಗೆಬಗೆಯ ರೂಪಗಳು ಇಂದು ಯುರೋಪಿನ ಅನೇಕ ನಗರಗಳಲ್ಲಿವೆ. ಆದರೆ ಕಲ್ಲೊಂದೇ ಸಾಲದು, ಬಸ್ಸು ನಿಲುಗಡೆಗೆ ನೇರವಾಗಿ ಬರುವಷ್ಟು ದಾರಿಯೂ ಬೇಕು. ರಸ್ತೆಯಿಂದ ಪಕ್ಕಕ್ಕೆ ಕೊರೆದ ಬಸ್ ಬೇಯಲ್ಲಿ ಬಸ್ಸು ಓರೆಯಾಗಿ ನುಗ್ಗಿ, ಮುಂಬಾಗಿಲು ಮಾತ್ರ ಅಂಚಿಗೆ ಹತ್ತಿರವಾಗಿ, ಹಿಂಬಾಗಿಲು ರಸ್ತೆಯಲ್ಲೇ ಉಳಿಯುವುದನ್ನು ಬೆಂಗಳೂರಿನಲ್ಲೂ ನೀವು ನೋಡಿರುತ್ತೀರಿ. ಟ್ರಾಮಿನ ಹಳಿಯ ಮೇಲೆಯೇ ಬರುವ ಬಸ್ಸಿಗೆ ಈ ತೊಂದರೆ ಇಲ್ಲ. ಹಳಿ ನೇರವಾಗಿರುವಷ್ಟು ಉದ್ದಕ್ಕೂ ಬಸ್ಸೂ ನೇರವಾಗಿಯೇ ಬರುತ್ತದೆ, ನಡುವೆ ಬಾಗುವ 18 ಮೀಟರ್ ಉದ್ದದ ಬಸ್ಸು, ಅಂದರೆ ನಮ್ಮಲ್ಲಿ ವೆಸ್ಟಿಬ್ಯೂಲ್ ಎಂದು ಕರೆಯುವ ಬಗೆಯದು ಕೂಡ. ಜಂಟಿ ನಿಲುಗಡೆಯಿಂದ ಬಸ್ ಪ್ರಯಾಣಿಕರಿಗೆ ಸಿಗುವ, ಹೆಚ್ಚು ಜನ ಗಮನಿಸದ ಲಾಭ ಇದು.

ಎತ್ತರದ ವಿಷಯ ಇನ್ನೂ ಸೂಕ್ಷ್ಮ. ಲೋ-ಫ್ಲೋರ್ ಟ್ರಾಮಿನ ಬಾಗಿಲ ಬಳಿ ನೆಲದ ಎತ್ತರ ಸಾಮಾನ್ಯವಾಗಿ 30ರಿಂದ 35 ಸೆಂ.ಮೀ. ಇರುತ್ತದೆ. ಬಸ್ಸಿನದೂ ಸುಮಾರು 32 ಸೆಂ.ಮೀ. ಹಾಗಿದ್ದ ಮೇಲೆ ಪ್ಲಾಟ್‌ಫಾರ್ಮನ್ನು 30 ಸೆಂ.ಮೀ. ಎತ್ತರಕ್ಕೆ ಕಟ್ಟಿದರೆ ಎರಡಕ್ಕೂ ಸಮನಾಗುವುದಿಲ್ಲವೇ ಎಂದು ತೋರುತ್ತದೆ. ತೊಡಕು ಬಸ್ಸಿನ ಬಾಗಿಲಿನಲ್ಲಿದೆ. ಅನೇಕ ಬಸ್ಸುಗಳ ಬಾಗಿಲು ತೆರೆಯುವಾಗ ಹೊರಕ್ಕೆ ಬೀಸುತ್ತದೆ, ಅದರ ಕೆಳ ಅಂಚು ಬಸ್ಸಿನ ನೆಲಕ್ಕಿಂತಲೂ ತುಸು ಕೆಳಗಿರುತ್ತದೆ. ಪ್ಲಾಟ್‌ಫಾರ್ಮ್ ಎತ್ತರವಾಗಿದ್ದರೆ ಬಾಗಿಲು ಅದಕ್ಕೆ ಬಡಿಯುತ್ತದೆ. ಹತ್ತುವವರ ಅನುಕೂಲಕ್ಕಾಗಿ ಬಸ್ಸು ಒಂದು ಪಕ್ಕಕ್ಕೆ ತಗ್ಗುವ ಸೌಲಭ್ಯವನ್ನು ಬಳಸಿದರಂತೂ ಬಾಗಿಲು ಪ್ಲಾಟ್‌ಫಾರ್ಮಿನ ಮೇಲೆ ಕೂತೇ ಬಿಡಬಹುದು. ಆದ್ದರಿಂದ ಎತ್ತರದ ಪ್ಲಾಟ್‌ಫಾರ್ಮುಗಳಲ್ಲಿ ಬಸ್ಸನ್ನು ತಗ್ಗಿಸಬಾರದೆಂದು ಚಾಲಕರಿಗೆ ಸೂಚನೆ ಇರುವುದುಂಟು. ಇದಲ್ಲದೆ ಬಸ್ಸಿನ ಮೂತಿ ಮುಂದಿನ ಚಕ್ರಗಳಿಂದ ಎರಡು ಮೀಟರಿಗೂ ಹೆಚ್ಚು ಮುಂದಕ್ಕೆ ಚಾಚಿರುತ್ತದೆ. ನಿಲುಗಡೆಗೆ ತಿರುಗಿ ಬರಬೇಕಾದ ಕಡೆ ಆ ಮೂತಿ ಪ್ಲಾಟ್‌ಫಾರ್ಮಿನ ಮೇಲೆ ಹಾದುಹೋಗುತ್ತದೆ, ಅಂಚು ಎತ್ತರವಾಗಿದ್ದರೆ ಬಸ್ಸಿನ ಹೊಟ್ಟೆ ಉಜ್ಜುತ್ತದೆ. ಹೀಗಾಗಿ ಜಂಟಿ ನಿಲುಗಡೆಗಳ ಎತ್ತರ ಬಹುತೇಕ ಒಂದು ಹೊಂದಾಣಿಕೆಯ ಎತ್ತರ. ಟ್ರಾಮಿಗೆ ಬೇಕಾದುದಕ್ಕಿಂತ ಕೆಲವು ಸೆಂ.ಮೀ. ತಗ್ಗಾಗಿ, ಬಸ್ಸಿಗೆ ಸುರಕ್ಷಿತವೆನಿಸುವಷ್ಟು ಎತ್ತರವಾಗಿ, ಸಾಮಾನ್ಯವಾಗಿ 20ರಿಂದ 24 ಸೆಂ.ಮೀ. ಆಸುಪಾಸಿನಲ್ಲಿ ಅದು ನಿಲ್ಲುತ್ತದೆ. ಉಳಿಯುವ ಹತ್ತು ಸೆಂ.ಮೀ. ಮೆಟ್ಟಿಲು ಹೆಚ್ಚಿನವರಿಗೆ ಗಮನಕ್ಕೂ ಬಾರದು, ಗಾಲಿಕುರ್ಚಿಯಲ್ಲಿರುವವರಿಗೆ ಮಾತ್ರ ಮಡಿಸುವ ಹಲಗೆ ಹಾಸಿಕೊಡಬೇಕಾಗುತ್ತದೆ.

ನಿಮ್ಮ ತಾಯಿಯವರಿಗೆ ನನ್ನ ಸಲಹೆ ಇಷ್ಟು. ಬಸ್ಸಿಗೆ ಹತ್ತುವಾಗ ಮುಂಬಾಗಿಲನ್ನು ಬಿಟ್ಟು ಎರಡನೆಯ ಬಾಗಿಲ ಬಳಿ ನಿಲ್ಲಲಿ. ಗಾಲಿಕುರ್ಚಿ ಮತ್ತು ಮಗುವಿನ ತಳ್ಳುಗಾಡಿಗೆಂದು ಬಿಟ್ಟ ಜಾಗ ಅಲ್ಲೇ ಇರುತ್ತದೆ, ಒಳಗೆ ಮೆಟ್ಟಿಲಿರುವುದಿಲ್ಲ, ಹಿಡಿದುಕೊಳ್ಳಲು ಕಂಬಗಳಿರುತ್ತವೆ. ಅಂತರ ದೊಡ್ಡದಾಗಿ ಕಂಡರೆ ಹಲಗೆ ಹಾಸಲು ಚಾಲಕರನ್ನು ಕೇಳುವುದಕ್ಕೆ ಸಂಕೋಚ ಬೇಡ, ಅದು ಅವರ ಕರ್ತವ್ಯದ ಭಾಗ. ಟ್ರಾಮಿನಲ್ಲೂ ಎಲ್ಲವೂ ಒಂದೇ ರೀತಿ ಇರುವುದಿಲ್ಲ. 1960ರ ದಶಕದ ಕೊನೆ ಮತ್ತು 1970ರ ದಶಕದ ಆರಂಭದಲ್ಲಿ ತಯಾರಾದ, ಬಾಗಿಲಲ್ಲೇ ಮೆಟ್ಟಿಲುಗಳಿದ್ದ ಮಾದರಿಗಳು ಗೋಥೆನ್‌ಬರ್ಗ್‌ನಲ್ಲಿ ಬಹಳ ಕಾಲ ಓಡಿದವು. 1980ರ ದಶಕದ ಟ್ರಾಮುಗಳಿಗೆ ಮುಂದೆ ನಡುಭಾಗದಲ್ಲಿ ತಗ್ಗಿನ ನೆಲದ ಬೋಗಿಯೊಂದನ್ನು ಸೇರಿಸಿದರು, ಹಾಗಾಗಿ ಅಂಥ ಟ್ರಾಮು ಬಂದಾಗ ನಡುವಿನ ಬಾಗಿಲಿಗೇ ಹೋಗಬೇಕು. ರಸ್ತೆ ದಾಟುವ ವಿಷಯದಲ್ಲೂ ಒಂದು ಎಚ್ಚರಿಕೆ ಅಗತ್ಯ. ಸ್ವೀಡನ್ನಿನಲ್ಲಿ ಸಿಗ್ನಲ್ ಇಲ್ಲದ ಜೀಬ್ರಾ ಪಟ್ಟೆಯಲ್ಲಿ ಬಸ್ಸು, ಕಾರುಗಳು ಪಾದಚಾರಿಗೆ ದಾರಿ ಬಿಡಬೇಕು, ಟ್ರಾಮಿಗೆ ಆ ನಿಯಮ ಅನ್ವಯಿಸುವುದಿಲ್ಲ. ಉಕ್ಕಿನ ಚಕ್ರ ಉಕ್ಕಿನ ಹಳಿಯ ಮೇಲೆ ನಿಲ್ಲಲು ಹೆಚ್ಚು ದೂರ ಬೇಕಾಗುವುದೇ ಅದಕ್ಕೆ ಕಾರಣ. ಎರಡೂ ಬಗೆಯ ವಾಹನಗಳು ಒಂದೇ ದಾರಿಯಲ್ಲಿ ಬರುವ ಕಡೆ ಹೊಸಬರಿಗೆ ಈ ವ್ಯತ್ಯಾಸ ಹೊಳೆಯುವುದಿಲ್ಲ, ಆದ್ದರಿಂದ ಬರುತ್ತಿರುವುದು ಯಾವುದೆಂದು ನೋಡಿಯೇ ದಾಟಬೇಕು.

ಕೆಲವು ನಿಲುಗಡೆಗಳಲ್ಲಿ ಬಸ್ಸಿಗೆ ಪ್ರವೇಶವೇ ಇಲ್ಲದಿರುವುದಕ್ಕೆ ಸಾಮಾನ್ಯವಾಗಿ ಎರಡು ಕಾರಣಗಳಿರುತ್ತವೆ. ಒಂದು, ಎರಡು ಹಳಿಗಳ ನಡುವೆ ದ್ವೀಪದಂತೆ ಕಟ್ಟಿದ ಪ್ಲಾಟ್‌ಫಾರ್ಮು. ಎರಡೂ ಬದಿಗೆ ಬಾಗಿಲುಳ್ಳ ಟ್ರಾಮಿಗೆ ಅದು ಅನುಕೂಲ, ಒಂದೇ ಪ್ಲಾಟ್‌ಫಾರ್ಮಿನಲ್ಲಿ ಎರಡು ದಿಕ್ಕಿನ ಕೆಲಸವೂ ಆಗುತ್ತದೆ. ಆದರೆ ಬಲಬದಿಯಲ್ಲಿ ಸಂಚರಿಸುವ ದೇಶದ ಬಸ್ಸಿನ ಬಾಗಿಲುಗಳೆಲ್ಲ ಬಲಕ್ಕಿದ್ದು, ಆ ಪ್ಲಾಟ್‌ಫಾರ್ಮು ಅದರ ಎಡಕ್ಕೆ ಬರುತ್ತದೆ. ಇನ್ನೊಂದು ಕಾರಣ ನೆಲ. ಜಲ್ಲಿ ಹಾಸಿದ ಅಥವಾ ಹುಲ್ಲು ಬೆಳೆಸಿದ ಹಳಿಯ ಮೇಲೆ ಬಸ್ಸು ಓಡಲಾರದು. ಹುಲ್ಲುಹಳಿ ನೋಡಲು ಚೆಂದ, ಸದ್ದನ್ನು ತಗ್ಗಿಸುತ್ತದೆ, ಮಳೆ ನೀರನ್ನು ಹೀರಿಕೊಳ್ಳುತ್ತದೆ, ಕಾರುಗಳು ನುಗ್ಗದಂತೆ ತಾನೇ ತಡೆಯುತ್ತದೆ. ಇಷ್ಟೆಲ್ಲ ಗುಣಗಳಿರುವುದರಿಂದ ನಗರಗಳು ಅದನ್ನು ಬಯಸುವುದು ಸಹಜ. ಆದರೆ ಅದರ ಬೆಲೆ ಒಂದು ದಿನ ತಿಳಿಯುತ್ತದೆ. ಹಳಿ ದುರಸ್ತಿಗೆಂದೋ ಅಪಘಾತದಿಂದಲೋ ಟ್ರಾಮ್ ಓಡಾಟ ನಿಂತಾಗ ಬದಲಿ ಬಸ್ಸುಗಳು ಆ ನಿಲುಗಡೆಗಳಿಗೆ ಬರಲಾರವು. ಅವು ಪಕ್ಕದ ರಸ್ತೆಯಲ್ಲಿ ಎಲ್ಲೋ ನಿಲ್ಲುತ್ತವೆ, ದಿನವೂ ಅದೇ ನಿಲುಗಡೆಗೆ ಬಂದು ರೂಢಿಯಾದ ಪ್ರಯಾಣಿಕರು ಖಾಲಿ ಪ್ಲಾಟ್‌ಫಾರ್ಮಿನಲ್ಲಿ ಕಾಯುತ್ತಾ ಉಳಿಯುತ್ತಾರೆ. ನಗರದ ಒಳಭಾಗದ ನಿಲುಗಡೆಗಳಲ್ಲಾದರೂ ಹಳಿಗಳ ನಡುವೆ ಕಾಂಕ್ರೀಟು ಹಾಕಿ, ಬಸ್ಸಿಗೆ ದಾರಿ ಉಳಿಸಿಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಹೊರವಲಯದಲ್ಲಿ ಹುಲ್ಲೇ ಇರಲಿ. ಕಾಂಕ್ರೀಟು ಎಂದು ಒತ್ತಿ ಹೇಳುವುದಕ್ಕೂ ಕಾರಣವಿದೆ. ಐರೋಪ್ಯ ಒಕ್ಕೂಟದಲ್ಲಿ ಬಸ್ಸನ್ನು ಮುಂದಕ್ಕೆ ದೂಡುವ ಚಕ್ರಗಳ ಅಚ್ಚಿನ ಮೇಲೆ 11.5 ಟನ್ ವರೆಗೆ ಭಾರಕ್ಕೆ ಅನುಮತಿಯಿದೆ. ಪ್ರತಿದಿನ ಅದೇ ಜಾಗದಲ್ಲಿ ಬ್ರೇಕು ಹಾಕಿ, ಅದೇ ಜಾಗದಿಂದ ಹೊರಡುವ ಅಷ್ಟು ಭಾರಕ್ಕೆ ಡಾಂಬರು ಬೇಸಿಗೆಯಲ್ಲಿ ಅಲೆಯಲೆಯಾಗಿ ಸರಿದುಹೋಗುತ್ತದೆ.

ಇಷ್ಟೆಲ್ಲ ಹೊಂದಿಬಂದ ಕಡೆಯೂ ಬೇರ್ಪಡಿಸುವುದು ಸರಿಯಾಗುವ ಸಂದರ್ಭ ಒಂದಿದೆ, ಅದು ದಟ್ಟಣೆ. ಟ್ರಾಮಿನ ಮುಂದೆ ಬಸ್ಸು ನಿಂತರೆ ಟ್ರಾಮು ಅದನ್ನು ಹಿಂದೆ ಹಾಕಲಾರದು. ಒಂದು ವಾಹನ ನಿಂತು ಜನರನ್ನು ಹತ್ತಿಸಿಕೊಳ್ಳಲು 30 ಸೆಕೆಂಡು, ಅದು ಹೊರಟು ಮುಂದಿನದು ಬಂದು ನಿಲ್ಲಲು 20 ಸೆಕೆಂಡು ಎಂದು ಹಿಡಿದರೆ ಒಂದು ನಿಲುಗಡೆಯಲ್ಲಿ ಗಂಟೆಗೆ 72 ವಾಹನಗಳು ನಿಲ್ಲಬಹುದೆಂದು ಕಾಗದದ ಲೆಕ್ಕ ಹೇಳುತ್ತದೆ. ವಾಸ್ತವದಲ್ಲಿ ವಾಹನಗಳು ಸಮನಾದ ಅಂತರದಲ್ಲಿ ಬರುವುದಿಲ್ಲ, ಗುಂಪಾಗಿ ಬರುತ್ತವೆ. ಕಾಗದದ ಲೆಕ್ಕದ ಅರ್ಧಕ್ಕಿಂತ ಸ್ವಲ್ಪ ಮೇಲಕ್ಕೆ ಹೋದೊಡನೆ ಸಾಲು ಬೆಳೆಯತೊಡಗುತ್ತದೆ. ನಿಮ್ಮ ನಗರದ ಬ್ರುನ್ಸ್‌ಪಾರ್ಕೆನ್ ನಿಲುಗಡೆಯನ್ನೇ ನೋಡಿ. ಬಹುತೇಕ ಎಲ್ಲ ಟ್ರಾಮ್ ಮಾರ್ಗಗಳೂ ಅದರ ಮೂಲಕ ಹಾದುಹೋಗುತ್ತವೆ, ಜೊತೆಗೆ ಬಸ್ಸುಗಳೂ ಬರುತ್ತವೆ. ಅಲ್ಲಿ ಎಲ್ಲಕ್ಕೂ ಒಂದೇ ಅಂಚನ್ನು ಕೊಡುವುದು ಯಾರಿಂದಲೂ ಆಗದ ಕೆಲಸ. ಅದಕ್ಕಾಗಿಯೇ ಒಂದೇ ಹೆಸರಿನ ನಿಲುಗಡೆಯೊಳಗೆ ಎ, ಬಿ, ಸಿ ಎಂದು ಅಕ್ಷರ ಕೊಟ್ಟ ಹಲವು ತಾಣಗಳಿವೆ. ಇಂಥ ಕಡೆ ನಾನು ಕೇಳುವುದು ಒಂದನ್ನೇ: ವಿಂಗಡಣೆಯನ್ನು ಟ್ರಾಮ್ ಒಂದು ಕಡೆ, ಬಸ್ ಒಂದು ಕಡೆ ಎಂದು ಮಾಡಬಾರದು, ಹೋಗುವ ದಿಕ್ಕನ್ನು ನೋಡಿ ಮಾಡಬೇಕು. ಪೂರ್ವಕ್ಕೆ ಹೋಗುವ ಟ್ರಾಮು, ಬಸ್ಸುಗಳೆಲ್ಲ ಒಂದು ತಾಣದಲ್ಲಿ, ಉತ್ತರಕ್ಕೆ ಹೋಗುವವು ಇನ್ನೊಂದರಲ್ಲಿ ನಿಂತರೆ ಕಾಯುವಿಕೆಯ ಲಾಭ ಉಳಿಯುತ್ತದೆ. ಚಕ್ರ ರಬ್ಬರಿನದೋ ಉಕ್ಕಿನದೋ ಎಂಬುದು ಕಾರ್ಯಾಗಾರಕ್ಕೆ ಮುಖ್ಯ, ಮನೆಗೆ ಹೊರಟವರಿಗೆ ಮುಖ್ಯವಲ್ಲ.

ದಟ್ಟಣೆಯನ್ನು ಉದ್ದದಿಂದಲೂ ಗೆಲ್ಲಬಹುದು. 33 ಮೀಟರ್ ಉದ್ದದ ಟ್ರಾಮು, ಅದರ ಹಿಂದೆ 18 ಮೀಟರಿನ ಬಸ್ಸು, ನಡುವೆ ಬಿಡಬೇಕಾದ ಜಾಗ ಸೇರಿ ಸುಮಾರು 60 ಮೀಟರ್ ಉದ್ದದ ಪ್ಲಾಟ್‌ಫಾರ್ಮಿದ್ದರೆ ಎರಡೂ ಒಟ್ಟಿಗೆ ಬಾಗಿಲು ತೆರೆಯಬಹುದು. ವಿಯೆನ್ನಾದಲ್ಲಿ ಇಂಥ ಜೋಡಿ ನಿಲುಗಡೆಗಳನ್ನು ಕಂಬದ ಮೇಲಿನ ಫಲಕದಲ್ಲೇ ಗುರುತಿಸುತ್ತಾರೆ. ಹಿಂದಿನ ವಾಹನ ನಿಂತಲ್ಲೇ ಜನರನ್ನು ಹತ್ತಿಸಿಕೊಂಡು, ಮುಂದಿನದು ಹೊರಟ ಮೇಲೆ ಮತ್ತೊಮ್ಮೆ ನಿಲ್ಲದೆ ಸಾಗುತ್ತದೆ. ಪ್ರಯಾಣಿಕರು ಈ ರೂಢಿಯನ್ನು ತಿಳಿದಿರಬೇಕು, ಇಲ್ಲದಿದ್ದರೆ ಮುಂದಿನ ಕಂಬದ ಬಳಿ ಕಾದು ನಿಂತವರು ತಮ್ಮ ಬಸ್ಸು ನಿಲ್ಲದೆ ಹೋಯಿತೆಂದು ನೊಂದುಕೊಳ್ಳುತ್ತಾರೆ. ಗೋಥೆನ್‌ಬರ್ಗ್ ಈಗ 45 ಮೀಟರ್ ಉದ್ದದ ಟ್ರಾಮುಗಳನ್ನು ತರಿಸಿಕೊಳ್ಳುತ್ತಿರುವುದರಿಂದ ಅಲ್ಲಿನ ಜೋಡಿ ನಿಲುಗಡೆಗಳ ಉದ್ದದ ಲೆಕ್ಕವನ್ನು ಮತ್ತೆ ಹಾಕಬೇಕಾಗುತ್ತದೆ.

ಈ ಜೋಡಿ ನಿಲುಗಡೆಗಳಿಂದ ನಿಜವಾದ ಅನ್ಯಾಯವಾಗುವುದು ಕಣ್ಣು ಕಾಣದವರಿಗೆ. ಅವರಿಗೆಂದು ನೆಲದಲ್ಲಿ ಉಬ್ಬುಗೆರೆಗಳ ಗುರುತನ್ನು ಮೊದಲ ಬಾಗಿಲು ಬರುವ ಜಾಗದಲ್ಲಿ ಮಾಡಿರುತ್ತಾರೆ. ಎರಡನೆಯದಾಗಿ ಬಂದ ವಾಹನ ಹಿಂದೆಯೇ ನಿಂತು ಹೊರಟುಹೋದರೆ ಅವರಿಗೆ ಅದು ಬಂದದ್ದೇ ತಿಳಿಯುವುದಿಲ್ಲ. ಟ್ರಾಮಿನ ಸದ್ದಿಗೂ ಡೀಸೆಲ್ ಬಸ್ಸಿನ ಸದ್ದಿಗೂ ಇದ್ದ ವ್ಯತ್ಯಾಸವನ್ನು ಕಿವಿ ಹಿಡಿಯುತ್ತಿತ್ತು, ಬಸ್ಸುಗಳು ವಿದ್ಯುತ್ತಿಗೆ ಬದಲಾದ ಮೇಲೆ ಅದೂ ಕಡಿಮೆಯಾಗುತ್ತಿದೆ. ವಾಹನದ ಹೊರಗೆ ಮಾರ್ಗಸಂಖ್ಯೆಯನ್ನು ಕೂಗಿ ಹೇಳುವ ಧ್ವನಿವರ್ಧಕವೂ, ಗುರುತಿನ ಜಾಗದಲ್ಲಿ ಬಿಳಿಕೋಲು ಹಿಡಿದವರು ಕಂಡರೆ ಎರಡನೆಯ ಸಲ ನಿಲ್ಲಿಸಬೇಕೆಂಬ ಕಟ್ಟುನಿಟ್ಟಾದ ನಿಯಮವೂ ಇಲ್ಲದ ಕಡೆ ಜೋಡಿ ನಿಲುಗಡೆಯನ್ನು ಮಾಡಬಾರದೆಂದೇ ನಾನು ಹೇಳುತ್ತೇನೆ.

ಬಸ್ಸು ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ಟ್ರಾಮಿನ ವೇಗವನ್ನೂ ನಿರ್ಧರಿಸುವುದರಿಂದ, ಜಂಟಿ ನಿಲುಗಡೆಯಲ್ಲಿ ಬಸ್ಸಿನ ಶಿಸ್ತು ಮುಖ್ಯವಾಗುತ್ತದೆ. ಮುಂಬಾಗಿಲಿಂದ ಒಬ್ಬೊಬ್ಬರಾಗಿ ಹತ್ತಿ ಚಾಲಕರಿಂದ ಟಿಕೆಟ್ ಕೊಳ್ಳುವ ಪದ್ಧತಿಯಿದ್ದರೆ ಇಪ್ಪತ್ತು ಜನ ಹತ್ತುವಷ್ಟರಲ್ಲಿ ಹಿಂದಿನ ಟ್ರಾಮಿನ ಇನ್ನೂರು ಜನ ಕಾಯಬೇಕಾಗುತ್ತದೆ. ಎಲ್ಲ ಬಾಗಿಲುಗಳಿಂದ ಹತ್ತುವ ವ್ಯವಸ್ಥೆ ಇದಕ್ಕೆ ಪರಿಹಾರ. ನಮ್ಮ ಊರುಗಳ ಬಸ್ಸಿನ ನಿರ್ವಾಹಕರು ಚಲಿಸುವ ಬಸ್ಸಿನಲ್ಲೇ ಟಿಕೆಟ್ ಕೊಡುವುದರಿಂದ ನಿಲುಗಡೆಯಲ್ಲಿ ಎಷ್ಟು ಸಮಯ ಉಳಿಯುತ್ತದೆ ಎಂಬುದನ್ನು ಈ ದೃಷ್ಟಿಯಿಂದ ನೋಡಿದರೆ ಆ ಹುದ್ದೆಯ ಬೆಲೆ ತಿಳಿಯುತ್ತದೆ. ಹಾಗೆಯೇ ವೇಳೆಗೆ ಮುಂಚೆ ಬಂದ ಬಸ್ಸು ಸಮಯ ಹೊಂದಿಸಲು ಜಂಟಿ ನಿಲುಗಡೆಯಲ್ಲಿ ನಿಂತು ಕಾಯಬಾರದು, ಚಾಲಕರ ಪಾಳಿ ಬದಲಾವಣೆಯೂ ಅಲ್ಲಿ ನಡೆಯಬಾರದು.

ಇದನ್ನೆಲ್ಲ ಒಗ್ಗೂಡಿಸಿ ಕಾಲಕ್ರಮದಲ್ಲಿ ಗಟ್ಟಿಗೊಳಿಸಿದ ನಗರಕ್ಕೆ ನಾನು ಕೊಡುವ ಉದಾಹರಣೆ ಜ್ಯೂರಿಕ್. ಅಲ್ಲಿನ ಮತದಾರರು ಸುರಂಗ ರೈಲಿನ ಯೋಜನೆಯನ್ನು 1973ರಲ್ಲಿ ತಿರಸ್ಕರಿಸಿದರು. 1977ರಲ್ಲಿ, ಇರುವ ಟ್ರಾಮ್ ಮತ್ತು ಬಸ್ಸುಗಳಿಗೇ ರಸ್ತೆಯಲ್ಲಿ ಆದ್ಯತೆ ಕೊಡಲು 20 ಕೋಟಿ ಫ್ರಾಂಕುಗಳನ್ನು ಖರ್ಚು ಮಾಡುವ ಪ್ರಸ್ತಾಪಕ್ಕೆ ಒಪ್ಪಿಗೆ ಕೊಟ್ಟರು. ಹಣ ಹೋದದ್ದು ಪ್ರತ್ಯೇಕ ಪಥಗಳಿಗೆ, ವಾಹನ ಹತ್ತಿರ ಬಂದೊಡನೆ ಹಸಿರಾಗುವ ಸಿಗ್ನಲುಗಳಿಗೆ, ನಿಲುಗಡೆಗಳ ಸುಧಾರಣೆಗೆ. ಎಡಿನ್‌ಬರೋದಲ್ಲಿ 2014ರಲ್ಲಿ ಟ್ರಾಮ್ ಮರಳಿ ಬಂದಾಗ ಬೇರೆ ತೀರ್ಮಾನ ಮಾಡಿದರು. ಪ್ರಿನ್ಸೆಸ್ ಸ್ಟ್ರೀಟಿನಲ್ಲಿ ಬಸ್ಸೂ ಟ್ರಾಮೂ ಒಂದೇ ರಸ್ತೆಯಲ್ಲಿ ಓಡುತ್ತವೆ, ನಿಲುಗಡೆಗಳು ಮಾತ್ರ ಬೇರೆ ಬೇರೆ. ಆ ಬೀದಿಯಲ್ಲಿ ಓಡುವ ಬಸ್ಸುಗಳ ಸಂಖ್ಯೆಯನ್ನು ನೋಡಿದರೆ ಅದನ್ನು ತಪ್ಪೆನ್ನಲಾಗದು. ಸುಮಾರು 250 ಕಿ.ಮೀ. ಉದ್ದದ, ಜಗತ್ತಿನಲ್ಲೇ ದೊಡ್ಡದಾದ ಮೆಲ್ಬರ್ನ್ ಟ್ರಾಮ್ ಜಾಲದಲ್ಲಿ ಹಳಿಗಳು ಬಹುತೇಕ ರಸ್ತೆಯ ನಡುವೆಯೂ ಬಸ್ಸುಗಳು ರಸ್ತೆಯ ಅಂಚಿನಲ್ಲೂ ಇರುವುದರಿಂದ ಎರಡೂ ಸೇರುವುದು ಅಪರೂಪ.

ಭಾರತದ ಪ್ರಶ್ನೆಗೆ ಉತ್ತರಿಸುವುದಾದರೆ, ಟ್ರಾಮ್ ಮತ್ತು ಬಸ್ ಎರಡನ್ನೂ ಒಂದೇ ಸಂಸ್ಥೆ ಓಡಿಸಿದ ಅನುಭವ ನಮ್ಮಲ್ಲಿ ಹಳೆಯದು. ಮುಂಬೈಯಲ್ಲಿ 1926ರಿಂದ 1964ರವರೆಗೆ ಎರಡೂ ಜೊತೆಗಿದ್ದವು. ಕೋಲ್ಕತ್ತದ ಟ್ರಾಮ್ ಸಂಸ್ಥೆ 1992ರಿಂದ ಬಸ್ಸುಗಳನ್ನೂ ಓಡಿಸತೊಡಗಿತು. ಆದರೆ ಅಲ್ಲಿ ಹಳಿಗಳಿಗಿದ್ದ ಪ್ರತ್ಯೇಕ ಜಾಗಗಳನ್ನು ಹಲವು ರಸ್ತೆಗಳಲ್ಲಿ ಕಾಂಕ್ರೀಟು ಮಾಡಿ ವಾಹನಗಳಿಗೆ ಬಿಟ್ಟುಕೊಟ್ಟ ಮೇಲೆ, ಟ್ರಾಮ್ ಹತ್ತುವವರು ಓಡುವ ವಾಹನಗಳ ನಡುವೆ ರಸ್ತೆಯ ಮಧ್ಯಕ್ಕೆ ನಡೆದು ಹೋಗಬೇಕಾಯಿತು, ಬಸ್ಸಿನವರು ಪಕ್ಕದಲ್ಲೇ ಉಳಿದರು. ಅದೇ ಕಾಂಕ್ರೀಟಿನ ಜೊತೆಗೆ ಫುಟ್‌ಪಾತನ್ನು ಹಳಿಯವರೆಗೆ ಚಾಚಿ, ಬಸ್ಸುಗಳನ್ನೂ ಅಲ್ಲಿಗೇ ತಂದಿದ್ದರೆ ಎರಡಕ್ಕೂ ಒಂದೊಳ್ಳೆಯ ನಿಲುಗಡೆ ಸಿಗುತ್ತಿತ್ತು. 2024ರ ಸೆಪ್ಟೆಂಬರಿನಲ್ಲಿ ಅಲ್ಲಿನ ರಾಜ್ಯ ಸರ್ಕಾರ ನಗರದ ನಡುವಿನ ಮೈದಾನ್ ಎಂಬ ಬಯಲಿನ ಪಾರಂಪರಿಕ ಮಾರ್ಗವೊಂದನ್ನು ಬಿಟ್ಟು ಉಳಿದ ಟ್ರಾಮುಗಳನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಇದು ನನಗೆ ಬಹಳ ನೋವು ತಂದ ಸುದ್ದಿ.

ಕರ್ನಾಟಕದಲ್ಲಿ ಟ್ರಾಮ್ ಇಲ್ಲವಾದರೂ ನಿಲುಗಡೆ ಹಂಚಿಕೊಳ್ಳುವ ಪ್ರಶ್ನೆ ಹುಬ್ಬಳ್ಳಿ–ಧಾರವಾಡದಲ್ಲಿ ಅಕ್ಷರಶಃ ಎದುರಾಗಿದೆ. 2018ರಲ್ಲಿ ಸಂಚಾರ ಆರಂಭಿಸಿದ ಚಿಗರಿ ಬಸ್ಸುಗಳಿಗೆ ಸುಮಾರು 22 ಕಿ.ಮೀ. ಉದ್ದದ ಪ್ರತ್ಯೇಕ ಪಥವಿದೆ. ನಿಲ್ದಾಣಗಳು ರಸ್ತೆಯ ನಡುವೆ, ಎತ್ತರದ ಪ್ಲಾಟ್‌ಫಾರ್ಮಿನೊಂದಿಗೆ ಇವೆ, ಬಸ್ಸಿನ ಬಾಗಿಲುಗಳು ಅದಕ್ಕೆ ತಕ್ಕಂತೆ ಬಲಬದಿಯಲ್ಲಿವೆ. ಒಳಗೆ ಹತ್ತುವುದು ಸಲೀಸು ಎಂಬುದು ನಿಜವಾದ ಸಾಧನೆ. ಆದರೆ ಎಡಬದಿಯಲ್ಲಿ ಮೆಟ್ಟಿಲಿನ ಬಾಗಿಲುಳ್ಳ ಸಾಮಾನ್ಯ ಬಸ್ಸು ಆ ನಿಲ್ದಾಣಕ್ಕೆ ಬರಲಾರದು, ಚಿಗರಿಯು ರಸ್ತೆ ಬದಿಯ ನಿಲುಗಡೆಯಲ್ಲಿ ಅದೇ ಸೌಕರ್ಯ ಕೊಡಲಾರದು. ಹಾಗಾಗಿ ಬಡಾವಣೆಯಿಂದ ಬಂದವರು ಪಕ್ಕದಲ್ಲಿ ಇಳಿದು, ರಸ್ತೆ ದಾಟಿ, ನಡುವಿನ ನಿಲ್ದಾಣಕ್ಕೆ ಹೋಗಬೇಕು. ಬೆಂಗಳೂರಾಗಲಿ ಮೈಸೂರಾಗಲಿ ಮುಂದೆ ಇಂಥ ಪಥವನ್ನೋ ಹಳಿಯನ್ನೋ ಯೋಚಿಸುವಾಗ ವಾಹನದ ಟೆಂಡರು ಕರೆಯುವ ಮೊದಲೇ ಎರಡು ಅಳತೆಗಳನ್ನು ಇಡೀ ನಗರಕ್ಕೆ ಒಂದೇ ಎಂದು ನಿಗದಿಪಡಿಸಬೇಕು: ಬಾಗಿಲು ಯಾವ ಬದಿಗೆ, ನೆಲ ಎಷ್ಟು ಎತ್ತರಕ್ಕೆ. ಲೋ-ಫ್ಲೋರ್ ಬಸ್ಸುಗಳನ್ನು ಆರಿಸಿ, ಪ್ಲಾಟ್‌ಫಾರ್ಮನ್ನು 20–24 ಸೆಂ.ಮೀ.ಗೆ ಕಟ್ಟಿ, ಎಡಬದಿಯಲ್ಲೇ ಬಾಗಿಲಿಟ್ಟರೆ ಇಂದಿನ ಬಸ್ಸೂ ನಾಳಿನ ಟ್ರಾಮೂ ಅಲ್ಲಿಗೇ ಬರಬಹುದು. ಒಮ್ಮೆ ಕಟ್ಟಿದ ಪ್ಲಾಟ್‌ಫಾರ್ಮು ನಾಲ್ಕೈದು ದಶಕ ಉಳಿಯುತ್ತದೆ, ಬಸ್ಸು ಹತ್ತು–ಹದಿನೈದು ವರ್ಷಕ್ಕೆ ಬದಲಾಗುತ್ತದೆ. ಆದ್ದರಿಂದ ಅಳತೆಯನ್ನು ಕೊಂಡ ಬಸ್ಸಿಗೆ ತಕ್ಕಂತೆ ಹೊಲಿಯದೆ, ಕಟ್ಟಿದ ಅಳತೆಗೆ ತಕ್ಕ ಬಸ್ಸನ್ನು ಕೊಳ್ಳುವ ಕ್ರಮವನ್ನು ಸಾರಿಗೆ ಇಲಾಖೆ ಟೆಂಡರು ದಾಖಲೆಯಲ್ಲೇ ಬರೆಯಬೇಕು.